ಬಳ್ಳಾರಿಯ ಹಳೆ ಜೋಡುನಳಿಗೆಗಳ ಕ್ಲೇ ಶೂಟಿಂಗ್ ದಿನ: ತಪಾಸಣೆಗೆ ಪೂರ್ತಿ ಅಂಕ, ತೋಟಾಕ್ಕೆ ಇಲ್ಲ

ಬಳ್ಳಾರಿ ಹೊರವಲಯದಲ್ಲಿ ಚಳಿಗಾಲದ ಭಾನುವಾರ ಕ್ಲಬ್ಬೊಂದು ನಡೆಸುವ ಈ ದಿನಕ್ಕೆ ಬರುವ ಬಂದೂಕುಗಳಲ್ಲಿ ಎರಡು ಬಗೆ. ಬೆಳೆ ರಕ್ಷಣೆ ಲೈಸೆನ್ಸಿನ ಮೇಲೆ ತಾತನ ಕಾಲದಿಂದ ಮನೆಯಲ್ಲಿ ಉಳಿದ ಸರ್ಕಾರಿ ಕಾರ್ಖಾನೆಯ 12 ಬೋರು (ಬೋರು ಎಂದರೆ ನಳಿಗೆಯ ಒಳ ಅಳತೆ) ಒಂದು. ಬರ್ಮಿಂಗ್‌ಹ್ಯಾಮಿನ ವೆಬ್ಲಿ, ಗ್ರೀನರ್‌ನಂಥವು ಇನ್ನೊಂದು. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿಯಾಗಿ ಬೇಟೆ ನಿಂತ ಮೇಲೆ ಇವುಗಳಿಗೆ ಹಾರುವ ಗುರಿ ಎಂದರೆ ಯಂತ್ರ ಎಸೆಯುವ ಕ್ಲೇ ಬಿಲ್ಲೆಯೇ. ಹಾಗಾಗಿ ಇಂಥ ದಿನ ಚೆನ್ನಾಗಿ ನಡೆಯಲೇಬೇಕು.

ಮೊದಲು ತಪಾಸಣೆಯ ಮೇಜು. ಇಡೀ ದಿನದಲ್ಲಿ ಇದೇ ಅತ್ಯುತ್ತಮ. ಫೋರ್‌ಎಂಡ್ (ನಳಿಗೆಯ ಕೆಳಗಿನ ಮರದ ತುಂಡು) ಬಿಚ್ಚಿ, ನಳಿಗೆ ಮುಚ್ಚಿ, ಹಿಡಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಟಕಟಕ ಅಂದರೆ ಕೀಲು ಸವೆದಿದೆ. ಬೆಳಕಿಗೆ ಹಿಡಿದಾಗ ನಳಿಗೆಗೂ ಆ್ಯಕ್ಷನ್ನಿಗೂ (ನಳಿಗೆ ಹಿಂದಿನ ಯಂತ್ರಭಾಗ) ನಡುವೆ ಗೆರೆಯಷ್ಟು ಬೆಳಕು ಕಂಡರೂ ಆ ಬಂದೂಕು ವಾಪಸ್. ನಳಿಗೆಗಳನ್ನು ನೇತುಹಾಕಿ ಬೆರಳಗಂಟಿನಿಂದ ತಟ್ಟುತ್ತಾರೆ: ಗಂಟೆಯಂತೆ ನಾದ ಬರಬೇಕು, ಮಡಕೆ ಒಡೆದ ಸದ್ದು ಬಂದರೆ ನಡುಪಟ್ಟಿಯ ಬೆಸುಗೆ ಬಿಟ್ಟಿದೆ. ಒಳವ್ಯಾಸವನ್ನು ಹಿಂದಿನಿಂದ 9 ಇಂಚು ಒಳಗೆ ಅಳೆಯುತ್ತಾರೆ. 12 ಬೋರಿಗೆ ನಿಗದಿ 0.729 ಇಂಚು. ಗೋಡೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆಯಾದರೆ ಬಿಡುವುದಿಲ್ಲ. ನೈಟ್ರೋ ಪ್ರೂಫ್ ಮುದ್ರೆ (ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ ಗುರುತು) ಇಲ್ಲದ ಡಮಾಸ್ಕಸ್ ನಳಿಗೆಗೂ (ಕಬ್ಬಿಣ-ಉಕ್ಕಿನ ಪಟ್ಟಿ ಸುರುಳಿ ಸುತ್ತಿ ಬೆಸೆದದ್ದು) ಪ್ರವೇಶವಿಲ್ಲ. ನಳಿಗೆಯ ಮೇಲಿನ ಬಳ್ಳಿಯಂಥ ಚಿತ್ತಾರ ಎಷ್ಟೇ ಚೆಂದವಿರಲಿ, ಕಪ್ಪು ಮದ್ದಿಗೆ ಪರೀಕ್ಷೆಯಾದ ನಳಿಗೆಯಲ್ಲಿ ಈಗಿನ ತೋಟಾ ಹಾರಿಸುವಂತಿಲ್ಲ. ಸರಿಯಾದ ತೀರ್ಮಾನ.

ಇಷ್ಟು ಎಚ್ಚರ ವಹಿಸುವ ಕ್ಲಬ್ ತೋಟಾದ ವಿಷಯದಲ್ಲಿ ಎಡವಿದೆ. ಅಲ್ಲಿ ಸಿಗುವುದು 70 ಮಿ.ಮೀ. ತೋಟಾ ಮಾತ್ರ. ಯುದ್ಧಪೂರ್ವ ಇಂಗ್ಲಿಷ್ ಬಂದೂಕುಗಳಲ್ಲಿ ಬಹಳಷ್ಟಕ್ಕೆ ಚೇಂಬರ್ (ತೋಟಾ ಕೂರುವ ಗೂಡು) 65 ಮಿ.ಮೀ. ಪೆಟ್ಟಿಗೆ ಮೇಲೆ ಬರೆದಿರುವುದು ತೋಟಾ ಹಾರಿದ ಮೇಲಿನ ಉದ್ದ. ಹಾರುವ ಮುಂಚೆ ಬಾಯಿ ಮಡಚಿಕೊಂಡಿರುವುದರಿಂದ 70 ಮಿ.ಮೀ. ತೋಟಾ ಸಣ್ಣ ಚೇಂಬರಿನಲ್ಲೂ ಸಲೀಸಾಗಿ ಕೂರುತ್ತದೆ, ಬಂದೂಕೂ ಮುಚ್ಚುತ್ತದೆ. ಹಾರಿದಾಗ ಬಿಚ್ಚಿಕೊಂಡ ಬಾಯಿ ಮುಂದಿನ ಕಿರಿದಾದ ಭಾಗಕ್ಕೆ ನುಗ್ಗಿ ಒತ್ತಡ ಏರುತ್ತದೆ. ‘ಕೂತಿತಲ್ಲ, ಸರಿ’ ಅನ್ನುವುದು ಇಲ್ಲಿ ಅಪಾಯದ ಮಾತು. ಚೇಂಬರ್ ಉದ್ದವನ್ನು ತಪಾಸಣೆ ಚೀಟಿಯಲ್ಲಿ ಬರೆದುಕೊಟ್ಟು, ಅದನ್ನು ನೋಡಿಯೇ ತೋಟಾ ಮಾರಬೇಕಿತ್ತು. ಅಲ್ಲಿಯವರೆಗೆ 65 ಮಿ.ಮೀ.ನವರು ತಮ್ಮ ತೋಟಾ ತಾವೇ ಒಯ್ಯಲಿ.

ಚರೆಯ (ತೋಟಾದೊಳಗಿನ ಸಣ್ಣ ಗುಂಡುಗಳ) ತೂಕಕ್ಕೆ ಬಂದೂಕು ತಯಾರಕ ಗ್ರೀನರ್ ಹಾಕಿಕೊಟ್ಟ ಲೆಕ್ಕ ಇಂದಿಗೂ ಸರಿ: ಬಂದೂಕಿನ ತೂಕ ಚರೆಯ 96 ಪಟ್ಟು ಇರಬೇಕು. 28 ಗ್ರಾಂ ಚರೆಗೆ ಸುಮಾರು 2.7 ಕೆ.ಜಿ., 32 ಗ್ರಾಮಿಗೆ 3 ಕೆ.ಜಿ.ಗಿಂತ ತುಸು ಹೆಚ್ಚು. ಹಗುರ ಬಂದೂಕಿಗೆ ಭಾರಿ ತೋಟಾ ಹಾಕಿದರೆ ಮೊದಲು ಸೀಳುವುದು ಆ್ಯಕ್ಷನ್ನಿಗೆ ತಾಗಿದ ಹಿಡಿಯ ಕಟ್ಟಿಗೆ. ಬಿಲ್ಲೆಗೆ 24ರಿಂದ 28 ಗ್ರಾಂ, 8 ನಂಬರ್ ಚರೆ ಧಾರಾಳವಾಯಿತು.

ಇನ್ನೊಂದು ಮಾತನ್ನು ಮೈಕಿನಲ್ಲಿ ಹೇಳಲೇಬೇಕಿತ್ತು. 20 ಬೋರಿನ ಸಣ್ಣ, ಹಳದಿ ತೋಟಾ 12 ಬೋರಿಗೆ ಹಾಕಿದರೆ ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಖಾಲಿ ಕಾಣುತ್ತದೆ. ಅದರ ಮೇಲೆ 12ರದು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಒಂದು ಚೀಲದಲ್ಲಿ ಒಂದೇ ಬೋರಿನ ತೋಟಾ ಇರಲಿ.

ಮೈದಾನದ ಆಯ್ಕೆ ಚೆನ್ನಾಗಿದೆ. ಬಿಲ್ಲೆ ಉತ್ತರಕ್ಕೆ ಹಾರುವುದರಿಂದ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಎದುರಿಗೆ 275 ಮೀಟರಿಗೂ ಹೆಚ್ಚು ಖಾಲಿ ಬಯಲು. ನಮ್ಮ ಕಡೆ ಆಷಾಢದ ಗಾಳಿಯಲ್ಲಿ ಬಿಲ್ಲೆ ದಿಕ್ಕು ತಪ್ಪುತ್ತದೆ, ಆದ್ದರಿಂದ ಡಿಸೆಂಬರ್-ಜನವರಿಯೇ ಸೂಕ್ತ. ಆದರೂ ಹತ್ತು ಗಂಟೆಗೆ ಶುರುಮಾಡುವುದು ತಡವಾಯಿತು. 110 ಮಿ.ಮೀ. ಅಗಲದ, ಸುಮಾರು 105 ಗ್ರಾಂ ತೂಗುವ ಈ ಬಿಲ್ಲೆಗಳು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟಿನಿಂದ ಆದವು. ಬಿಸಿಲಿಗಿಟ್ಟ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಅಂಟಿ, ಮಧ್ಯಾಹ್ನದ ಹೊತ್ತಿಗೆ ಯಂತ್ರ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಒಂದು ಚಪ್ಪರ ಸಾಕಿತ್ತು.

ಜೋಡಿ ಬಿಲ್ಲೆಯ ಸ್ಟ್ಯಾಂಡು (ನಿಂತು ಹೊಡೆಯುವ ಜಾಗ) ಹಳೆ ಬಂದೂಕಿನ ಗುಣ ಬಲ್ಲವರು ಹಾಕಿದ್ದು. ಮುಂದಿನ ಟ್ರಿಗರ್ ಬಲನಳಿಗೆಗೆ, ಅದರ ಚೋಕ್ (ನಳಿಗೆಯ ತುದಿಯನ್ನು ಕಿರಿದಾಗಿಸಿದ ಭಾಗ; ಬಿಗಿಯಾದಷ್ಟೂ ಚರೆ ದೂರದವರೆಗೆ ಗುಂಪಾಗಿ ಹೋಗುತ್ತದೆ) ಸಡಿಲ. ಹಿಂದಿನದು ಎಡನಳಿಗೆಗೆ, ಚೋಕ್ ಬಿಗಿ. ದೂರ ಹೋಗುವ ಬಿಲ್ಲೆಗೆ ಮುಂದಿನದು ಮೊದಲು. ನಮ್ಮತ್ತ ಬರುವ ಜೋಡಿಗೆ ಹಿಂದಿನದನ್ನು ಮೊದಲು ಎಳೆದು ದೂರದಲ್ಲೇ ಒಂದನ್ನು ಒಡೆದರೆ, ಹತ್ತಿರ ಬಂದದ್ದಕ್ಕೆ ಸಡಿಲ ಚೋಕ್ ಉಳಿಯುತ್ತದೆ. ಈ ಆಯ್ಕೆ ಒಂದೇ ಟ್ರಿಗರಿನ ಎಷ್ಟೋ ಬಂದೂಕುಗಳಲ್ಲಿಲ್ಲ. ಒಮ್ಮೆ ಎಳೆದಾಗ ಎರಡೂ ಹಾರಿದರೆ, ಬೆರಳು ಹಿಂದಿನ ಟ್ರಿಗರಿಗೆ ಜಾರಿರಬಹುದು ಅಥವಾ ಒಳಗಿನ ಸಿಯರ್ (ಟ್ರಿಗರ್ ಎಳೆಯುವವರೆಗೆ ಸುತ್ತಿಗೆಯನ್ನು ಹಿಡಿದಿಡುವ ಕೊಂಡಿ) ಸವೆದಿರಬಹುದು. ಎರಡರಲ್ಲಿ ಯಾವುದೆಂದು ಗೊತ್ತಾಗುವವರೆಗೆ ಆ ಬಂದೂಕು ಚೀಲದಲ್ಲಿರಲಿ.

ಸದ್ದು ‘ಪುಸ್’ ಅಂದರೆ ಮುಂದಿನ ತೋಟಾ ಹಾಕುವ ಮುಂಚೆ ನಳಿಗೆಯೊಳಗೆ ನೋಡಿ, ವ್ಯಾಡ್ (ಮದ್ದು-ಚರೆ ನಡುವಿನ ಬಿರಡೆ) ಉಳಿದಿರಬಹುದು. ಹಾರದೇ ಹೋದರೆ ನಳಿಗೆ ಬಯಲಿನತ್ತಲೇ ಇಟ್ಟು 30 ಸೆಕೆಂಡ್ ಕಾದು ತೆರೆಯಿರಿ. ಸೇಫ್ಟಿಯನ್ನು ನಂಬಿ ಓಡಾಡಬೇಡಿ. ಇಂಥ ಹೆಚ್ಚಿನ ಬಂದೂಕುಗಳಲ್ಲಿ ಅದು ತಡೆಯುವುದು ಟ್ರಿಗರನ್ನು ಮಾತ್ರ. ನಿಮ್ಮ ಸರದಿ ಇಲ್ಲದಾಗ ಬಂದೂಕು ತೆರೆದೇ ಇರಬೇಕು.

ಒಯ್ಯಬೇಕಾದವು: ಕಿವಿ-ಕಣ್ಣಿಗೆ ರಕ್ಷಣೆ, ನಳಿಗೆಗೆ ತೊಡಿಸುವ ಚರ್ಮದ ಕವಚ (ಇಪ್ಪತ್ತು ಈಡಿನ ನಂತರ ಬರಿಗೈಲಿ ನಳಿಗೆ ಹಿಡಿಯಲಾಗದು), ಮೂಲ ಲೈಸೆನ್ಸ್. ರಾಯಚೂರು, ಕೊಪ್ಪಳದಿಂದ ಬರುವವರು ಲೈಸೆನ್ಸಿನಲ್ಲಿ ಬರೆದ ವ್ಯಾಪ್ತಿ ಬಳ್ಳಾರಿಗೂ ಸಲ್ಲುತ್ತದೆಯೇ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ. ಚುನಾವಣೆಗೆಂದು ಠಾಣೆಯಲ್ಲಿಟ್ಟು ಬಿಡಿಸಿಕೊಂಡ ಬಂದೂಕಾದರೆ, ನಳಿಗೆಗೆ ಎಣ್ಣೆ ಬಟ್ಟೆ ಎಳೆದು, ತುಕ್ಕಿನ ಗುಳಿ ಬಿದ್ದಿದೆಯೇ ಎಂದು ಮನೆಯಲ್ಲೇ ನೋಡಿ ಬನ್ನಿ.