ಗೋಲು ಎರಡು, ಚೆಂಡು ಒಂದೇ: ಮಕ್ಕಳ ಫುಟ್‌ಬಾಲ್ ಕಿಟ್ ಬಳಸಿ ನೋಡಿದ ಮೇಲೆ

ಮಗಳಿಗೆ ಐದು ತುಂಬಿತೆಂದು ಮಕ್ಕಳ ಫುಟ್‌ಬಾಲ್ ಕಿಟ್ ತರಿಸಿದೆ. ಒಂದು ಚೆಂಡು, 20 ಚಪ್ಪಟೆ ಕೋನ್, ಮಡಚಿಡಬಹುದಾದ ಎರಡು ಪುಟ್ಟ ಗೋಲು, ಆಟಗಳನ್ನು ಹೇಳಿಕೊಡುವ ಒಂದು ಕಿರುಹೊತ್ತಿಗೆ. ಎರಡು ತಿಂಗಳಿಂದ ವಾರಕ್ಕೆ ಎರಡು ಸಂಜೆ, ಅವಳ ಜೊತೆ ಇನ್ನೂ ಐದು ಮಕ್ಕಳನ್ನು ಸೇರಿಸಿಕೊಂಡು ಆಡಿಸುತ್ತಿದ್ದೇನೆ.

ಚೆಂಡು 3ನೇ ಸೈಜಿನದು. ಈ ವಯಸ್ಸಿಗೆ ಅದೇ ಸರಿ. ದೊಡ್ಡವರ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಇದು 300 ಗ್ರಾಂ ಚಿಲ್ಲರೆ. ಮನೆಯಲ್ಲಿದ್ದ ದೊಡ್ಡ ಚೆಂಡನ್ನು ಒದ್ದು ಕಾಲ್ಬೆರಳು ನೋಯಿಸಿಕೊಂಡು ಅತ್ತಿದ್ದ ಹುಡುಗಿ ಇದನ್ನು ಹೆದರದೆ ಒದೆಯುತ್ತಾಳೆ. ಗಾಳಿ ಮಾತ್ರ ಕಲ್ಲಿನ ಹಾಗೆ ತುಂಬಿ ಕಳಿಸಿದ್ದರು. ಹೆಬ್ಬೆರಳಿನಿಂದ ಒತ್ತಿದರೆ ತುಸು ತಗ್ಗುವಷ್ಟು ಇಳಿಸಿದೆ. ಆಮೇಲೆ ಪುಟಿತ ಕಡಿಮೆಯಾಗಿ ಚೆಂಡು ಕಾಲ ಹತ್ತಿರವೇ ಉಳಿಯತೊಡಗಿತು.

ನನ್ನ ದೊಡ್ಡ ತಕರಾರು ಒಂದೇ ಚೆಂಡು ಕೊಟ್ಟಿರುವುದು. ಮೊದಲ ಸಂಜೆ ಆರೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಡ್ರಿಬಲ್ ಮಾಡಿಸಿದೆ, ಅಂದರೆ ಚೆಂಡನ್ನು ಕಾಲಲ್ಲಿ ಮೆಲ್ಲಗೆ ತಳ್ಳಿಕೊಂಡು ಓಡಿಸಿದೆ. ಸರದಿ ಬರುವಷ್ಟರಲ್ಲಿ ಒಬ್ಬ ಹುಲ್ಲು ಕೀಳುತ್ತಾ ಕೂತಿದ್ದ, ಇನ್ನಿಬ್ಬರು ತಳ್ಳಾಡುತ್ತಿದ್ದರು. ಮರುವಾರ ತಲೆಗೊಂದು ಚೆಂಡು ಹೊಂದಿಸಿದೆ. ಹುಲ್ಲು ಕೀಳಲು ಯಾರಿಗೂ ಪುರುಸೊತ್ತಿಲ್ಲ ಈಗ.

ಹೊತ್ತಿಗೆಯ ಆಟಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಕೆಂಪು ದೀಪ, ಹಸಿರು ದೀಪ. ಹಸಿರು ಎಂದಾಗ ಚೆಂಡು ತಳ್ಳಿಕೊಂಡು ಓಡಬೇಕು, ಕೆಂಪು ಎಂದ ಕೂಡಲೇ ಅಂಗಾಲು ಮೇಲಿಟ್ಟು ನಿಲ್ಲಿಸಬೇಕು. ಜೋರಾಗಿ ಒದ್ದವರ ಚೆಂಡು ನಿಲ್ಲುವುದಿಲ್ಲವಲ್ಲ, ಹಾಗಾಗಿ ಮೆಲ್ಲಗೆ ಒದಿ ಎಂದು ನಾನು ಹೇಳಬೇಕಾಗಿಯೇ ಬರಲಿಲ್ಲ. ಈಚೆಗೆ ಬಾಯಲ್ಲಿ ಹೇಳದೆ ಬಣ್ಣದ ಕೋನ್ ಎತ್ತಿ ಹಿಡಿಯುತ್ತೇನೆ. ಚೆಂಡನ್ನೇ ನೋಡುತ್ತಿದ್ದ ಮಕ್ಕಳು ತಲೆ ಎತ್ತಿ ಓಡುವುದನ್ನು ಕಲಿತದ್ದು ಹೀಗೆ.

"ಅಮ್ಮಾ, ಮೊಸಳೆ ಆಟಾನೇ ಆಡೋಣ" ಎಂಬುದು ಮಗಳ ದಿನನಿತ್ಯದ ವರಾತ. ಕೋನ್ ಇಟ್ಟು ಚೌಕದ ಕೆರೆ ಮಾಡುತ್ತೇವೆ. ಒಬ್ಬರು ಮೊಸಳೆ, ಉಳಿದವರು ಚೆಂಡಿನ ಸಮೇತ ಆಚೆ ದಡ ಸೇರಬೇಕು. ಮೊಸಳೆ ಯಾರ ಚೆಂಡನ್ನು ಹೊರಗೆ ಒದೆಯುತ್ತದೋ ಅವರು ಔಟ್ ಎನ್ನುತ್ತದೆ ಹೊತ್ತಿಗೆ. ಇದನ್ನು ನಾನು ಒಪ್ಪುವುದಿಲ್ಲ. ಮೊದಲು ಔಟಾಗುವ ಮಗುವಿಗೇ ಅಭ್ಯಾಸ ಹೆಚ್ಚು ಬೇಕು, ಅದನ್ನೇ ಬದಿಗೆ ಕೂರಿಸುವುದೇ? ನಮ್ಮಲ್ಲಿ ಔಟಾದವರು ಎಡಗಾಲು ಬಲಗಾಲು ಬದಲಿಸುತ್ತಾ ಚೆಂಡಿನ ನೆತ್ತಿಯನ್ನು ಹತ್ತು ಸಲ ಮುಟ್ಟಿ ಮತ್ತೆ ಕೆರೆಗಿಳಿಯುತ್ತಾರೆ.

ಪಾಸ್ ಕಲಿಸಲು ಎರಡು ಕೋನ್‌ಗಳ ಬಾಗಿಲು ಸಾಕು. ಪಾದದ ಒಳಬದಿಯಿಂದ ತಳ್ಳಿ ಅದರೊಳಗೆ ದಾಟಿಸಬೇಕು. ಹತ್ತು ನಿಮಿಷ ದಾಟಿದರೆ ಮಕ್ಕಳಿಗೆ ಬೇಸರ.

ಹೆಡ್ಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವ ಆಟದ ಪುಟವನ್ನು ಹರಿದು ಹಾಕಿದೆ. ಅಮೆರಿಕದ ಫುಟ್‌ಬಾಲ್ ಒಕ್ಕೂಟ ಹತ್ತು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೆಂದದ್ದು 2015ರಲ್ಲೇ. ಐದು ವರ್ಷದವರ ಕಿಟ್‌ನಲ್ಲಿ ಅದಿರಲೇಬಾರದಿತ್ತು.

ಗೋಲುಗಳ ಗೂಟ ಮೂರನೇ ವಾರಕ್ಕೇ ಬಾಗಿದವು. ಸಣ್ಣ ಗಾಳಿಗೂ ಬಲೆ ಮಗುಚುತ್ತದೆ. ಅವುಗಳ ಬದಲು ಇನ್ನೆರಡು ಚೆಂಡು ಇಟ್ಟಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ, ಈಗ ಮೂರು. ಗೋಲಿಲ್ಲದ ಸೆಟ್ ಸಿಕ್ಕರೆ ಅದನ್ನೇ ಕೊಳ್ಳಿ, ಉಳಿದ ಹಣಕ್ಕೆ 3ನೇ ಸೈಜಿನ ಚೆಂಡು ಸೇರಿಸಿ.