ಓಮ್ನಿ ಎಂಜಿನ್‌ಗೆ ಫ್ಲೈವೀಲ್: ಹಳೆಯದೋ, ತೂಕ ಇಳಿಸಿದ್ದೋ, ಹೊಸದೋ?

ಮಾರುತಿ ಓಮ್ನಿ ತಯಾರಿಕೆ 2019ರಲ್ಲಿ ನಿಂತಿತು. ಆದರೂ ಚಿಕ್ಕಬಳ್ಳಾಪುರದ ಕಡೆ ನಸುಕಿನಲ್ಲಿ ಸೇವಂತಿಗೆ, ಗುಲಾಬಿ ಮೂಟೆ ಹೊತ್ತು ಮಾರುಕಟ್ಟೆಗೆ ಬರುವ ಗಾಡಿಗಳ ನಡುವೆ ಅದು ಇನ್ನೂ ಕಾಣುತ್ತದೆ. ಇವುಗಳ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಬೋರ್ ಮಾಡಿಸಿ, ಪಿಸ್ಟನ್, ಬೇರಿಂಗ್ ಹೊಸದು ಹಾಕಿಸಿದವರು ಕ್ಲಚ್ ಕೂರಿಸುವ ಹೊತ್ತಿಗೆ ಫ್ಲೈವೀಲ್ (ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದ ತುದಿಗೆ ಕೂತು ಎಂಜಿನ್ ಸಮವಾಗಿ ತಿರುಗುವಂತೆ ನೋಡಿಕೊಳ್ಳುವ ಭಾರದ ಚಕ್ರ) ಮುಂದೆ ನಿಂತು ಯೋಚಿಸುತ್ತಾರೆ. ಮೂರು ದಾರಿ ಇವೆ: ಹಳೆಯದನ್ನೇ ಗ್ರೈಂಡ್ ಮಾಡಿಸುವುದು, ಲೇತ್‌ನಲ್ಲಿ ತೂಕ ಇಳಿಸುವುದು, ಹೊಸದು ತರುವುದು. ಮೂರನ್ನೂ ಇದೇ ಎಂಜಿನ್‌ಗೆ ಹಾಕಿ, ಖಾಲಿ ಗಾಡಿಯಲ್ಲೂ ಹೊರೆ ತುಂಬಿಯೂ ನಂದಿ ಬೆಟ್ಟದ ಏರಿನಲ್ಲಿ ಓಡಿಸಿ ನೋಡಿ ಬರೆದ ಹೋಲಿಕೆ ಇದು.

ಮೊದಲು ತೂಕ ಇಳಿಸಿದ್ದರ ವಿಷಯ. ಹುಡುಗರಿಗೆ ಇದರ ಮೇಲೇ ಆಸೆ. ಲಾಭ ಇಲ್ಲವೆಂದಲ್ಲ. ಅಂಚಿನಲ್ಲಿ, ಅಂದರೆ ನಡುವಿನಿಂದ 12 ಸೆಂ.ಮೀ. ದೂರದಲ್ಲಿ 1 ಕೆಜಿ ತೆಗೆದರೆ ಫಸ್ಟ್ ಗೇರ್‌ನಲ್ಲಿ ಗಾಡಿಯಿಂದ 45-50 ಕೆಜಿ ಇಳಿಸಿದಷ್ಟು ಚುರುಕು ಬರುತ್ತದೆ. ಇದು ಗೇರ್ ಬಾಕ್ಸ್, ಡಿಫರೆನ್ಶಿಯಲ್ ಸೇರಿ ಒಟ್ಟು ಅನುಪಾತ 15 ಎಂದು ಹಿಡಿದ ಲೆಕ್ಕ. ಟಾಪ್ ಗೇರ್‌ಗೆ ಬಂದರೆ ಅದೇ ಲಾಭ ಮೂರೂವರೆ ಕೆಜಿಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಬಾಗೇಪಲ್ಲಿ ಕಡೆ ಓಡುವವರಿಗೆ ಗೊತ್ತೇ ಆಗುವುದಿಲ್ಲ. ನಡುವಿನಿಂದ 5 ಸೆಂ.ಮೀ. ದೂರದಲ್ಲಿ ಅಷ್ಟೇ ತೂಕ ತೆಗೆದರೆ ಪರಿಣಾಮ ಆರನೇ ಒಂದು ಪಾಲು ಮಾತ್ರ. ಹಾಗಾಗಿ ಅಲ್ಲಿ ತೂತು ಹೊಡೆಸುವುದು ದುಡ್ಡು ದಂಡ. ಬೀಡು ಕಬ್ಬಿಣದಲ್ಲಿ ಬಿರುಕು ಹುಟ್ಟುವುದೂ ಅಂಥ ತೂತಿನಿಂದಲೇ.

ನಷ್ಟ ಗೊತ್ತಾಗುವುದು ಏರಿನಲ್ಲಿ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಪ್ರತಿ 180 ಡಿಗ್ರಿಗೆ ಒಂದು ಪವರ್ ಸ್ಟ್ರೋಕ್. ಮೂರು ಸಿಲಿಂಡರ್‌ನಲ್ಲಿ 240 ಡಿಗ್ರಿಗೆ ಒಂದು. ಒಂದು ಸ್ಟ್ರೋಕ್ ಇರುವುದೇ 180 ಡಿಗ್ರಿ. ಉಳಿದ 60 ಡಿಗ್ರಿ ಯಾವ ಪಿಸ್ಟನ್ನೂ ತಳ್ಳುವುದಿಲ್ಲ, ಫ್ಲೈವೀಲ್ ಒಂದೇ ಎಂಜಿನ್ನನ್ನು ಹೊತ್ತು ದಾಟಿಸಬೇಕು. ಭಾನುವಾರ ನಂದಿ ಬೆಟ್ಟದ ತಿರುವಿನಲ್ಲಿ ಗಾಡಿಗಳು ಸಾಲುಗಟ್ಟಿದಾಗ ಹೊರೆ ಇರುವ ಓಮ್ನಿಯನ್ನು ಹ್ಯಾಂಡ್‌ಬ್ರೇಕ್ ಬಿಟ್ಟು ಎತ್ತಿ ನೋಡಿ. ತೂಕ ಇಳಿಸಿದ್ದಾದರೆ ಕ್ಲಚ್ ಹಿಡಿದ ಕ್ಷಣವೇ ಎಂಜಿನ್ ಕುಸಿಯುತ್ತದೆ. ಆಫ್ ಆಗದಿರಲೆಂದು ಆಕ್ಸಿಲರೇಟರ್ ಒತ್ತಿ ಅರ್ಧ ಕ್ಲಚ್‌ನಲ್ಲಿ ಹಿಡಿಯಬೇಕಾಗುತ್ತದೆ, ಪ್ಲೇಟ್ ಸುಟ್ಟ ವಾಸನೆ ಒಳಗೆ ಬರುತ್ತದೆ. ಐಡಲ್‌ನಲ್ಲಿ ಕನ್ನಡಿ ನಡುಗುವುದು ಬೇರೆ. ಜಿಪ್ಸಿಯ ನಾಲ್ಕು ಸಿಲಿಂಡರ್ 1.3 ಎಂಜಿನ್‌ಗೆ ಒಂದು ಕೆಜಿ ಇಳಿಸಿದರೆ ತಡೆದುಕೊಳ್ಳುತ್ತದೆ. ದುಡಿಯುವ ಓಮ್ನಿಗೆ ಬೇಡವೇ ಬೇಡ.

ಇಳಿಸಲೇಬೇಕೆಂದರೆ ಬ್ಯಾಲೆನ್ಸಿಂಗ್ ಬಿಡಬೇಡಿ. ಅಂಚಿನಲ್ಲಿ 10 ಗ್ರಾಂ ಹೆಚ್ಚುಕಡಿಮೆಯಾದರೆ 6000 ಆರ್‌ಪಿಎಂನಲ್ಲಿ ಸುಮಾರು 48 ಕೆಜಿ ಎಳೆತ ಕ್ರ್ಯಾಂಕಿನ ಹಿಂದಿನ ಬೇರಿಂಗ್ ಮೇಲೆ ಬೀಳುತ್ತದೆ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೇ ಎಂಬುದನ್ನೂ ಮರೆಯಬಾರದು.

ಹಳೆಯದನ್ನು ಗ್ರೈಂಡ್ ಮಾಡಿಸುವುದೇ ನಮ್ಮ ಆಯ್ಕೆ, ಆದರೆ ಕಣ್ಣಿಟ್ಟು ನೋಡಿ. ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದರೆ ಕ್ಲಚ್ ಉಜ್ಜುವ ಮುಖದಲ್ಲಿ ನೀಲಿ ಕಲೆಗಳು ಕಾಣುತ್ತವೆ. ಅತಿ ಬಿಸಿಯಾಗಿ ಗಟ್ಟಿಯಾದ ಜಾಗಗಳವು. ಲೇತ್ ಟೂಲ್ ಅಲ್ಲಿ ಎಗರಿ ದಿಬ್ಬ ಬಿಡುತ್ತದೆ. ಮೇಲ್ನೋಟಕ್ಕೆ ಮುಖ ಹೊಳೆಯುತ್ತದೆ, ಗಾಡಿ ಎತ್ತುವಾಗ ಮಾತ್ರ ಗಡಗಡ ನಡುಗುತ್ತದೆ. ಅದಕ್ಕೇ ಟರ್ನಿಂಗ್ ಅಲ್ಲ, ಕಲ್ಲಿನಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಬೇಕು. ಕ್ಲಚ್ ಕವರ್ ಕೂರುವ ಮಟ್ಟಕ್ಕೂ ಪ್ಲೇಟ್ ಉಜ್ಜುವ ಮಟ್ಟಕ್ಕೂ ಎತ್ತರ ಬೇರೆ ಇದ್ದರೆ ಮೊದಲೇ ವರ್ನಿಯರ್‌ನಲ್ಲಿ ಅಳೆದು ಬರೆದಿಡಿ. ಎರಡರಿಂದಲೂ ಸಮ ತೆಗೆಯದಿದ್ದರೆ ಪ್ಲೇಟಿನ ಹಿಡಿತ ಬದಲಾಗುತ್ತದೆ. ಬೋಲ್ಟ್ ತೂತಿನವರೆಗೆ ಬಿರುಕು ಹೋಗಿದ್ದರೆ ಅದು ಗುಜರಿಗೆ.

ರಿಂಗ್ ಗೇರ್ (ಸ್ಟಾರ್ಟರ್ ಕಚ್ಚಿ ತಿರುಗಿಸಲೆಂದು ಫ್ಲೈವೀಲ್ ಅಂಚಿಗೆ ಕೂರಿಸಿದ ಹಲ್ಲಿನ ಬಳೆ) ಹಲ್ಲು ಮೂರು ಜಾಗದಲ್ಲಿ ಮಾತ್ರ ಸವೆದಿರುತ್ತದೆ, ಏಕೆಂದರೆ ಎಂಜಿನ್ ಆಫ್ ಆದಾಗ ಕಂಪ್ರೆಷನ್‌ಗೆ ಎದುರಾಗಿ ನಿಲ್ಲುವುದು ಆ ಮೂರು ಕಡೆಯೇ. ರಿಂಗನ್ನು ಬಡಿದು ತೆಗೆದು, ಎಲ್ಲಾ ಕಡೆ ಸಮನಾಗಿ 200-250 ಡಿಗ್ರಿ ಕಾಯಿಸಿ, 60 ಡಿಗ್ರಿ ತಿರುಗಿಸಿ ಕೂರಿಸಿದರೆ ಸ್ಟಾರ್ಟರ್‌ಗೆ ಹೊಸ ಹಲ್ಲು ಸಿಗುತ್ತದೆ. ಹಲ್ಲು ನೀಲಿಗೆ ತಿರುಗುವಷ್ಟು ಕಾಯಿಸಿದರೆ ಮೆತ್ತಗಾಗುತ್ತದೆ.

ಹೊಸದಕ್ಕೆ ಹೋಗಬೇಕಾದದ್ದು ಬಿರುಕಿದ್ದರೆ, ಇಲ್ಲವೇ ಈಗಾಗಲೇ ಒಂದೆರಡು ಸಲ ಗ್ರೈಂಡ್ ಆಗಿ ತೆಳುವಾಗಿದ್ದರೆ. ಅಂಗಡಿಗೆ ಹಳೆಯದನ್ನು ಒಯ್ದು ತೂಕ, ಹಲ್ಲಿನ ಸಂಖ್ಯೆ, ಬೋಲ್ಟ್ ತೂತು, ಟೈಮಿಂಗ್ ಗುರುತು ನಾಲ್ಕನ್ನೂ ಹೋಲಿಸಿ ತನ್ನಿ. ಡಬ್ಬದ ಮೇಲಿನ ಹೆಸರನ್ನಷ್ಟೇ ನಂಬಬೇಡಿ.

ಯಾವುದೇ ಹಾಕಿದರೂ ಫ್ಲೈವೀಲ್ ಕೂರುವ ಕ್ರ್ಯಾಂಕಿನ ಮುಖ ಒರೆಸಿದ ಕನ್ನಡಿಯಂತಿರಲಿ. ಅಲ್ಲಿ ಒಂದು ಬದಿ 0.05 ಮಿ.ಮೀ. ಕಸ ಸಿಕ್ಕಿದರೆ ಅಂಚಿನಲ್ಲಿ ಮೂರು ಪಟ್ಟು ಓಲಾಡುತ್ತದೆ. ಹಿಂದಿನ ಆಯಿಲ್ ಸೀಲ್, ನಡುವಿನ ಸಣ್ಣ ಬೇರಿಂಗ್ ಈಗಲೇ ಬದಲಿಸಿ. ಬೋಲ್ಟನ್ನು ಎದುರುಬದುರಾಗಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಆಮೇಲೆ ಫ್ಲೈವೀಲ್ ಮುಖಕ್ಕೆ ಡಯಲ್ ಗೇಜ್ (ಓಲಾಟವನ್ನು ಮುಳ್ಳಿನಲ್ಲಿ ತೋರಿಸುವ ಅಳತೆಗಡಿಯಾರ) ಇಟ್ಟು, ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದು ಒಂದು ಸುತ್ತು ತಿರುಗಿಸಿ. ಒತ್ತದಿದ್ದರೆ ಕ್ರ್ಯಾಂಕಿನ ಎಂಡ್ ಪ್ಲೇ (ಹಿಂದೆಮುಂದೆ ಸರಿಯುವ ಸಡಿಲ) ಕೂಡ ಮುಳ್ಳಿನಲ್ಲಿ ಸೇರಿಕೊಳ್ಳುತ್ತದೆ. ಮುಳ್ಳು 0.2 ಮಿ.ಮೀ. ದಾಟಿದರೆ ಬಿಚ್ಚಿ, ಮತ್ತೆ ಒರೆಸಿ ಕೂರಿಸಿ. ಗೇರ್ ಬಾಕ್ಸ್ ಏರಿಸುವುದು ಆಮೇಲೆ.