ರೋಮಿನ ಮೆರಿಡಿಯನ್ ಕೋಣೆಯೋ, ಸಿಯೆನಾದ ಪಿಕ್ಕೊಲೊಮಿನಿ ಗ್ರಂಥಾಲಯವೋ

ಭಿತ್ತಿಚಿತ್ರಗಳಿಗಾಗಿಯೇ ಇಟಲಿಗೆ ಹೊರಟವರು ಮೊದಲು ಪ್ರವೇಶದ ಮಾತನ್ನು ಇತ್ಯರ್ಥ ಮಾಡಿಕೊಳ್ಳಬೇಕು. ವ್ಯಾಟಿಕನ್ನಿನ ಅಪೊಸ್ತಲಿಕ ಪತ್ರಾಗಾರ ಅರ್ಹ ಸಂಶೋಧಕರಿಗಷ್ಟೇ ತೆರೆದಿರುವುದರಿಂದ, ಅದಕ್ಕೆ ಸೇರಿದ ‘ಗಾಳಿಗಳ ಗೋಪುರ’ದ ಮೆರಿಡಿಯನ್ ಕೋಣೆ ಸಾಮಾನ್ಯ ಪ್ರವಾಸಿಗೆ ವಿಶೇಷ ಅನುಮತಿಯಿಲ್ಲದೆ ಸಿಗುವಂಥದ್ದಲ್ಲ, ಸಿಯೆನಾದ ಪ್ರಧಾನ ಚರ್ಚಿನೊಳಗಿರುವ ಪಿಕ್ಕೊಲೊಮಿನಿ ಗ್ರಂಥಾಲಯಕ್ಕಾದರೋ ಟಿಕೆಟ್ ಸಾಕು.

ಆದರೂ ಅನುಮತಿ ದೊರೆಯುವ ಅದೃಷ್ಟವಿದ್ದರೆ ನನ್ನ ಮತ ರೋಮಿಗೇ. ಹದಿಮೂರನೆಯ ಗ್ರೆಗರಿ ಪೋಪರ ಕಾಲದಲ್ಲಿ ಕಟ್ಟಿದ ಈ ಗೋಪುರದಲ್ಲಿ ಚಿತ್ರಕಾರ ಚಿರ್ಚಿನ್ಯಾನಿ ಬರೆದ ಚಿತ್ರಗಳೆಲ್ಲ ಗಾಳಿ, ಬಿರುಗಾಳಿಗಳ ಸುತ್ತಲೇ ಇವೆ: ಕ್ರಿಸ್ತನು ಅಲೆಗಳನ್ನು ಶಾಂತಗೊಳಿಸುವುದು, ಸಂತ ಪೌಲನ ಹಡಗು ಮಾಲ್ಟಾದ ಬಳಿ ಒಡೆಯುವುದು. ಗೋಡೆಯ ಒಂದು ಪುಟ್ಟ ರಂಧ್ರದಿಂದ ಇಳಿಯುವ ಬಿಸಿಲು, ಖಗೋಳಜ್ಞ ಇನ್ಯಾತ್ಸಿಯೊ ದಾಂತಿ ನೆಲದ ಮೇಲೆ ಉತ್ತರ-ದಕ್ಷಿಣವಾಗಿ ಗುರುತಿಸಿದ ‘ಮೆರಿಡಿಯನ್’ ರೇಖೆಯನ್ನು ಮಧ್ಯಾಹ್ನ ಮುಟ್ಟುತ್ತದೆ; ಅದು ಮುಟ್ಟುವ ಜಾಗ ದಿನದಿನಕ್ಕೂ ಸರಿಯುವುದರಿಂದ ಪಂಚಾಂಗ ಸೂರ್ಯನಿಗೆ ಹೊಂದುತ್ತದೆಯೇ ಎಂದು ನೋಡಬಹುದು. 1582ರಲ್ಲಿ ಹತ್ತು ದಿನಗಳನ್ನು ಕೈಬಿಟ್ಟ ಪಂಚಾಂಗ ಸುಧಾರಣೆಯೊಂದಿಗೆ ಈ ಕೋಣೆಯ ಹೆಸರು ತಳುಕು ಹಾಕಿಕೊಂಡಿರುವುದು ಹೀಗೆ. ಚಿತ್ರವೂ ಉಪಕರಣವೂ ಒಂದೇ ಗೋಡೆಯಲ್ಲಿ ಬೆರೆತದ್ದು ಅಪರೂಪ.

ಬಣ್ಣದ ಸೊಗಸೇ ಮುಖ್ಯವೆನ್ನುವವರು ಮಾತ್ರ ಹಿಂದೆಮುಂದೆ ನೋಡದೆ ಸಿಯೆನಾಕ್ಕೆ ಹೋಗಬಹುದು. ಚಿತ್ರಕಾರ ಪಿಂತುರಿಕ್ಕಿಯೊ 1502ರ ನಂತರ ಇಲ್ಲಿ ಎರಡನೆಯ ಪಿಯುಸ್ ಪೋಪರ ಜೀವನವನ್ನು ಹತ್ತು ದೃಶ್ಯಗಳಲ್ಲಿ ಚಿತ್ರಿಸಿದ್ದು, ಕೆಲವಕ್ಕೆ ತರುಣ ರಾಫೆಲ್ ರೇಖಾಚಿತ್ರಗಳನ್ನು ಒದಗಿಸಿದ್ದನು. ಮೊದಲ ದೃಶ್ಯದಲ್ಲಿ ಬಿಳಿ ಕುದುರೆಯೇರಿದ ಯುವಕ, ಅಂದರೆ ಮುಂದೆ ಪೋಪ್ ಆಗಲಿದ್ದ ಪಿಯುಸ್, ನಮ್ಮತ್ತ ತಿರುಗಿದ್ದಾನೆ, ಹಿಂದೆ ಕಪ್ಪು ಮೋಡ, ಕಾಮನಬಿಲ್ಲು. ಇಲ್ಲಿ ಪ್ರದರ್ಶಿಸಿರುವ ಚಿತ್ರಿತ ಗಾಯನಗ್ರಂಥಗಳನ್ನೂ ನೋಡಲು ಸಮಯ ಉಳಿಸಿಕೊಳ್ಳಿ.